ಒಂಬತ್ತನೆಯ ಪಾಠದ ಉಪ್ಪು

ನಮ್ಮೂರಿನಲ್ಲಿ ಏಳನೆಯ ತರಗತಿಯ ಮಕ್ಕಳು ಚರಿತ್ರೆ ಪುಸ್ತಕದ ಒಂಬತ್ತನೆಯ ಪಾಠ ತೆರೆದ ದಿನ ಉಪ್ಪಿನ ಮೇಲೆ ಸುಂಕ ಬೀಳುತ್ತದೆ. ಪ್ರತಿ ವರ್ಷವೂ ಬೀಳುತ್ತದೆ. ಬೇರೆ ಊರಿನವರು ಮಳೆಗಾಲಕ್ಕೆ ಮುಂಚೆ ಸೌದೆ ಒಟ್ಟಿಕೊಳ್ಳುವ ಹಾಗೆ ನಾವು ಎಂಟನೆಯ ಪಾಠ ಮುಗಿಯುವುದರೊಳಗೆ ಉಪ್ಪು ತಂದಿಟ್ಟುಕೊಳ್ಳುತ್ತೇವೆ. ಪಾಠದ ಹೆಸರು ‘ಕ್ರಾಂತಿಯ ಕಾರಣಗಳು’. ಆ ಕ್ರಾಂತಿ ಯಾವ ಕಾಲದಲ್ಲಾಯಿತೋ, ನೋಡಿದವರು ಯಾರೋ, ನನ್ನ ಅಜ್ಜಿಗೂ ಗೊತ್ತಿರಲಿಲ್ಲ. ಕಾರಣಗಳು ಮಾತ್ರ ನೆಂಟರ ಹಾಗೆ ತಪ್ಪದೆ ಬರುತ್ತವೆ, ಬಂದು ಜಗಲಿಯ ಮೇಲೆ ಕಾಲು ಚಾಚುತ್ತವೆ.

ಮೊದಲನೆಯ ಕಾರಣ ‘ಉಪ್ಪಿನ ಮೇಲೆ ಹೇರಿದ ವಿಪರೀತ ಸುಂಕ’. ಮೇಷ್ಟ್ರು ಬೆಳಿಗ್ಗೆ ಆ ಸಾಲು ಓದಿದರೆ ಮಧ್ಯಾಹ್ನದ ಹೊತ್ತಿಗೆ ಹೊಳೆ ಸೇತುವೆಯ ಬಳಿ ಅಡ್ಡಗಂಬ ಇಳಿದಿರುತ್ತದೆ. ಪಕ್ಕದ ಉಗ್ರಾಣದ ಮುಂದೆ ಕಾವಲುಗಾರ ದೊಣ್ಣೆ ಹಿಡಿದು ನಿಂತಿರುತ್ತಾನೆ. ಊರಿನ ಉಪ್ಪೆಲ್ಲ ಉಗ್ರಾಣದ ಒಳಗೆ, ಸುಂಕ ಕೊಡಲಾರದ ನಾವೆಲ್ಲ ಹೊರಗೆ. ಎರಡನೆಯದು ‘ಅಧಿಕಾರಿಗಳ ದರ್ಪ’. ಹಿಂದಿನ ದಿನದವರೆಗೆ ‘ಬನ್ನಿ ತಾಯಿ, ಕೂತ್ಕೊಳ್ಳಿ’ ಎನ್ನುತ್ತಿದ್ದ ಅಮಲ್ದಾರರು ಕುರ್ಚಿಯಲ್ಲಿ ಹಿಂದಕ್ಕೆ ವಾಲಿ, ಎದುರಿಗೆ ಯಾರು ನಿಂತರೂ ಮುಖ ನೋಡದೆ ಉಗುರು ನೋಡಿಕೊಳ್ಳುತ್ತಾರೆ. ಅಂಚೆಯವನು ಕಾಗದವನ್ನು ಬೀದಿಯಿಂದಲೇ ಒಳಕ್ಕೆ ಎಸೆಯುತ್ತಾನೆ. ಮೂರನೆಯದು ‘ಮಧ್ಯಮ ವರ್ಗದ ಉದಯ’. ಅದು ಬಂದ ದಿನ ಟೈಲರ್ ಗುರುಪಾದಪ್ಪ ಯಾರದೋ ಮದುವೆಗೆಂದು ಹೊಲಿದಿಟ್ಟ ಕೋಟನ್ನು ತಾನೇ ತೊಟ್ಟು, ಅಂಗಡಿಯ ಮುಂದೆ ಕುರ್ಚಿ ಹಾಕಿ, ಕಾಲಮೇಲೆ ಕಾಲು ಹಾಕಿಕೊಂಡು ಕೂರುತ್ತಾನೆ. ರವಿಕೆ ಆಯಿತೇನಪ್ಪ ಎಂದು ಕೇಳಿದರೆ ದಪ್ಪ ದನಿಯಲ್ಲಿ, ‘ರವಿಕೆ ಇರಲಿ. ಮೊದಲು ವ್ಯವಸ್ಥೆ ಬದಲಾಗಬೇಕು’ ಎನ್ನುತ್ತಾನೆ. ಅಲ್ಲಿಗೆ ರವಿಕೆಯ ಆಸೆ ಬಿಡಬೇಕು.

ನಾಲ್ಕನೆಯದು ‘ಹೊಸ ವಿಚಾರಗಳ ಪ್ರಸಾರ’. ಆಗ ಯಾರ ತಲೆಗೆ ಏನು ಹೊಳೆಯುತ್ತದೆಂದು ಹೇಳಲಾಗದು. ಒಂದು ವರ್ಷ ಬಾವಿಗೆ ಚಾವಣಿ ಕಟ್ಟಿಸಬೇಕೆಂದರು, ಇನ್ನೊಂದು ವರ್ಷ ಗಂಡಸರೂ ಒಲೆ ಹಚ್ಚಬೇಕೆಂದು ಗಂಡಸರೇ ಭಾಷಣ ಮಾಡಿದರು. ಪಾಠ ಮುಗಿದರೆ ವಿಚಾರಗಳೂ ಜ್ವರದ ಹಾಗೆ ಇಳಿದುಹೋಗುತ್ತವೆ. ನನ್ನದೊಂದು ಮಾತ್ರ ಪೂರ್ತಿ ಇಳಿಯಲಿಲ್ಲ. ಹೆಂಗಸರೂ ಓದಬಹುದಲ್ಲ ಎಂದು ಹಾಗೊಮ್ಮೆ ಹೊಳೆದು, ರಾತ್ರಿ ಶಾಲೆಗೆ ಹೆಸರು ಕೊಟ್ಟು ಸ್ಲೇಟೂ ತಂದುಬಿಟ್ಟಿದ್ದೆ. ವಿಚಾರ ಹೋದರೂ ಸ್ಲೇಟು ಮನೆಯಲ್ಲಿ ಉಳಿಯಿತು. ತಂದದ್ದು ದಂಡವಾಗುವುದು ಬೇಡವೆಂದು ಹೋದೆ. ಹೋಗುತ್ತಾ ಹೋಗುತ್ತಾ ಏಳನೆಯ ತರಗತಿಗೆ ಬಂದು ಕೂತೆ. ಐದನೆಯ ಕಾರಣ ‘ಜನರಲ್ಲಿ ದಿನೇ ದಿನೇ ಹೆಚ್ಚುತ್ತಿದ್ದ ಅಸಮಾಧಾನ’. ಇದಕ್ಕೆ ನಮ್ಮ ಜನರಿಗೆ ಪಾಠ ಬೇಕೇ ಇಲ್ಲ, ಆದರೂ ಬರುತ್ತದೆ.

ಇಷ್ಟಾದ ಮೇಲೆ ಪುಸ್ತಕದಲ್ಲಿ ‘ತಕ್ಷಣದ ಕಾರಣ’ ಎಂದು ತಲೆಬರಹ ಕೊಟ್ಟು ಎರಡು ಸಾಲು ಬರೆದಿದ್ದಾರೆ. ಆ ಎರಡು ಸಾಲನ್ನು ನಮ್ಮೂರ ಶಾಲೆಯಲ್ಲಿ ಗಟ್ಟಿಯಾಗಿ ಓದುವುದಿಲ್ಲ. ಮೇಷ್ಟ್ರು ಅಲ್ಲಿಗೆ ಬಂದವರೇ ಪುಸ್ತಕ ಮುಚ್ಚಬೇಕು, ಮಕ್ಕಳೆಲ್ಲ ಒಟ್ಟಿಗೆ ಅಭ್ಯಾಸದ ಮೊದಲನೆಯ ಪ್ರಶ್ನೆ ಹೇಳಬೇಕು: ‘ಕ್ರಾಂತಿಯ ಕಾರಣಗಳನ್ನು ವಿವರಿಸಿ.’ ಹೇಳಿದರೆ ಸಂಜೆಯೊಳಗೆ ಅಡ್ಡಗಂಬ ಏಳುತ್ತದೆ, ಅಮಲ್ದಾರರು ಎದ್ದು ಕೈ ಮುಗಿಯುತ್ತಾರೆ, ಗುರುಪಾದಪ್ಪ ಕೋಟು ಕಳಚಿ ಇಸ್ತ್ರಿ ಹಾಕುತ್ತಾನೆ. ಪರೀಕ್ಷೆಯಲ್ಲಿ ತಕ್ಷಣದ ಕಾರಣವನ್ನು ಕೇಳಿಯೇ ಕೇಳುತ್ತಾರೆ, ನಮ್ಮ ಮಕ್ಕಳು ಜಾಗ ಬಿಟ್ಟು ಬರುತ್ತಾರೆ. ಅಂಕ ಹೋದರೆ ಹೋಗಲಿ ಎಂದು ಹಿರಿಯರು ಮಾಡಿದ ಏರ್ಪಾಡು ಅದು. ಯಾಕೆಂದರೆ ಒಂಬತ್ತನೆಯ ಪಾಠ ಪೂರ್ತಿಯಾದರೆ ಹತ್ತನೆಯದು ತಾನಾಗಿ ಬರುತ್ತದೆ. ಅದರ ಹೆಸರು ‘ಕ್ರಾಂತಿಯ ಪರಿಣಾಮಗಳು’, ಅದರ ಮೊದಲ ಸಾಲು: ‘ಈ ಕ್ರಾಂತಿಯಲ್ಲಿ ಅನೇಕರು ಪ್ರಾಣ ಕಳೆದುಕೊಂಡರು.’

ನಾನು ಉಪ್ಪಿನಕಾಯಿ ಹಾಕಿ ಮಾರುವವಳು. ಗಂಡ ಹೋದಾಗಿನಿಂದ ಮನೆ ನಡೆದದ್ದು ಜಾಡಿಗಳಿಂದ. ಒಂಬತ್ತನೆಯ ಪಾಠ ಸಾಮಾನ್ಯವಾಗಿ ಅವರೆಕಾಯಿ ಕಾಲಕ್ಕೆ ಬಂದು ಹೋಗುತ್ತದೆ, ಮಾವಿನ ಮಿಡಿಗೆ ಇನ್ನೂ ಹೊತ್ತಿರುತ್ತದೆ. ಆದ್ದರಿಂದ ಅಷ್ಟು ವರ್ಷ ಸುಂಕವೂ ನಾನೂ ಒಬ್ಬರಿಗೊಬ್ಬರು ಅಡ್ಡ ಬಂದಿರಲಿಲ್ಲ. ಈ ವರ್ಷ ನಾಗಭೂಷಣ ಮೇಷ್ಟ್ರು ಪಾಠ ಶುರು ಮಾಡಿದ್ದೇ ತಡವಾಗಿ. ಐದು ಕಾರಣ ಓದಿ ಮುಗಿಸಿ, ನೀರು ಕುಡಿಯಲೆಂದು ಹೊರಗೆ ಬಂದರಂತೆ. ಅಷ್ಟರಲ್ಲಿ ಅವರಿಗೆ ಬಡ್ತಿಯ ಮೇಲೆ ವರ್ಗವಾದ ಹುಕುಂ ಬಂತು. ಕುಡಿಯುತ್ತಿದ್ದ ಲೋಟ ಕೆಳಗಿಟ್ಟು ಹೊರಟೇಬಿಟ್ಟರು.

ಬಸ್ಸಿನ ಹತ್ತಿರ ನಾವು ಓಡಿಹೋದೆವು. ಮೇಷ್ಟ್ರು ಕಿಟಕಿಯ ಪಕ್ಕ ಕೂತು ಟ್ರಂಕನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ‘ಸ್ವಾಮಿ, ಆ ಪ್ರಶ್ನೆ ಒಂದು ಹೇಳಿಸ್ಬುಟ್ಟು ಹೋಗಿ. ಮಕ್ಳೂ ಬಂದವ್ರೆ’ ಎಂದೆ.

‘ಹೇಗೆ ಹೇಳಿಸಲಮ್ಮ? ನಾನು ಈಗ ಈ ಶಾಲೆಯ ಮೇಷ್ಟ್ರಲ್ಲ. ಮಧ್ಯಾಹ್ನವೇ ಬಿಡುಗಡೆ ಆಯಿತು.’

‘ಬಿಡುಗಡೆ ನಿಮ್ಗಾಯ್ತು, ನಮ್ಗಾಗ್ಲಿಲ್ವಲ್ಲ.’

‘ನಾನು ಬಾಯಿ ತೆರೆದರೆ ಅದು ನಿಯಮಬಾಹಿರವಾಗುತ್ತದೆ. ಹೊಸಬರು ಬರುತ್ತಾರೆ, ಅವರು ಹೇಳಿಸುತ್ತಾರೆ’ ಎಂದರು. ಬಸ್ಸು ಹೊರಟಿತು. ಒಂದು ಸಾಲು. ಒಂದೇ ಒಂದು ಸಾಲು ಹೇಳಿದ್ದರೆ ಅವರ ಬಡ್ತಿಯೇನು ಕರಗಿ ಹೋಗುತ್ತಿರಲಿಲ್ಲ.

ಹೊಸಬರು ಬರಲಿಲ್ಲ. ಕಾರಣಗಳು ಊರಿನಲ್ಲೇ ನಿಂತವು. ಅವರೆಕಾಯಿ ಮುಗಿಯಿತು, ಹುಣಸೆ ಬಡಿದದ್ದಾಯಿತು, ಕಾರಣಗಳು ಹೋಗಲಿಲ್ಲ. ಕೂಡಿಟ್ಟ ಉಪ್ಪು ತೀರಿತು. ಜನ ಸಾರಿಗೆ ಹುಣಸೆಹಣ್ಣು ಹೆಚ್ಚು ಹಾಕಿ ಸುಧಾರಿಸಿದರು. ಸುಧಾರಿಸುವುದರಲ್ಲಿ ನಮ್ಮವರನ್ನು ಮೀರಿಸಿದವರಿಲ್ಲ, ನನಗೆ ತಲೆ ಕೆಡುತ್ತಿದ್ದದ್ದು ಅದಕ್ಕೇ. ಬೆಳಿಗ್ಗೆ ಎದ್ದು ಅಸಮಾಧಾನ ಪಡುವುದು, ಹಲ್ಲುಜ್ಜುವುದು, ಮತ್ತೆ ಅಸಮಾಧಾನ ಪಡುವುದು. ಗುರುಪಾದಪ್ಪನಂತೂ ಕೋಟಿನಲ್ಲೇ ಮಲಗುತ್ತಿದ್ದ. ಮದುವೆಯ ಗಂಡು ಬಂದು ಕೋಟು ಕೇಳಿದರೆ, ‘ಇತಿಹಾಸದ ಈ ಘಟ್ಟದಲ್ಲಿ ಕೋಟು ಯಾರದು ಅನ್ನೋದು ದೊಡ್ಡ ಪ್ರಶ್ನೆಯಲ್ಲ’ ಎಂದನಂತೆ.

ನಾವು ಕೆಲವರು ಅಮಲ್ದಾರರ ಕಚೇರಿಗೆ ಹೋದೆವು. ಅವರು ಉಗುರು ನೋಡಿಕೊಳ್ಳುತ್ತಲೇ ಕೇಳಿದರು, ‘ಏನು?’

‘ಬುದ್ಧಿ, ಹೊಸ ಮೇಷ್ಟ್ರನ್ನ ಕಳ್ಸೋಕೆ ಒಂದು ಕಾಗ್ದ ಬರೀರಿ. ಪಾಠ ಮುಗುದ್ರೆ ಸುಂಕ ಹೋಯ್ತದೆ.’

‘ಬರೆಯುವುದು ನನ್ನ ಕೆಲಸವಲ್ಲ.’

‘ಮತ್ತಿನ್ಯಾರ್ದು ಬುದ್ಧಿ?’

‘ನೋಡಮ್ಮ, ನಾನು ಎರಡನೆಯ ಕಾರಣ. ದರ್ಪ ಮಾಡುವುದು ನನಗೇನು ಇಷ್ಟವೇ? ಪಾಠದಲ್ಲಿದೆ, ಮಾಡುತ್ತಿದ್ದೇನೆ. ಪಾಠ ಮುಗಿಯಲಿ, ನಾನೇ ನಿಮ್ಮ ಮನೆಗೆ ಬಂದು ಯೋಗಕ್ಷೇಮ ಕೇಳುತ್ತೇನೆ. ಈಗ ಆಚೆ ನಡೀರಿ.’ ಹೇಳುತ್ತಾ ಅವರು ನಕ್ಕ ರೀತಿ ನೋಡಿದರೆ ಮೇಷ್ಟ್ರನ್ನು ಕರೆಸುವ ಆತುರ ಅವರಿಗೆ ಇರಲಿಲ್ಲ. ವರ್ಷವಿಡೀ ಒಳ್ಳೆಯವರಾಗಿರುವುದು ಯಾರಿಗಾದರೂ ಆಯಾಸವೇ ಇರಬೇಕು.

ಅಷ್ಟರಲ್ಲಿ ಮಿಡಿ ಇಳಿಸುವವರು ಹೇಳಿಕಳಿಸಿದರು, ವಾರದ ಕೊನೆಗೆ ಗಾಡಿ ಬರುತ್ತದೆ ಎಂದು. ಮಾವಿನ ಮಿಡಿ ಕಾಯುವ ವಸ್ತುವಲ್ಲ. ಬಂದ ದಿನವೇ ಉಪ್ಪಿಗೆ ಹಾಕಬೇಕು, ಇಲ್ಲವಾದರೆ ತೊಟ್ಟಿನ ಕಡೆಯಿಂದ ಕಪ್ಪಾಗುತ್ತಾ ಬರುತ್ತದೆ, ಆಮೇಲೆ ಹಸುವೂ ಮೂಸುವುದಿಲ್ಲ. ಮಿಡಿ ಹೋದರೆ ನಮಗೆ ಆ ವರ್ಷವೇ ಹೋಯಿತು.

ನನ್ನ ಸೊಸೆ ಸಣ್ಣತಾಯಿ ಖಾಲಿ ಜಾಡಿಗಳನ್ನು ಬಿಸಿಲಿಗೆ ಇಡುತ್ತಾ ಮಾತು ಹಚ್ಚಿದಳು. ‘ಅತ್ತೆ, ಅಷ್ಟು ದಿವ್ಸ ಓದಕ್ಕೆ ಹೋದ್ರಲ್ಲ, ಒಂದು ಹಿಡಿ ಉಪ್ಪು ತರೋ ಪಾಠ ಯಾವುದೂ ಇಲ್ವಾ?’

‘ಉಪ್ಪು ಕಿತ್ಕೊಳ್ಳೋ ಪಾಠ ಐತೆ, ತರೋದು ಕಾಣೆ.’

‘ಮತ್ತೆ ಆ ಪ್ರಶ್ನೇನ ನೀವೇ ಹೇಳಿ. ರಾತ್ರಿ ಶಾಲೆನೂ ಶಾಲೆನೇ ಅಲ್ವಾ? ನೀವೂ ಏಳನೇ ಕ್ಲಾಸೇ ಅಲ್ವಾ?’

ನನಗೆ ಹೊಳೆಯದೆ ಇದ್ದದ್ದು ಅವಳಿಗೆ ಹೊಳೆದಿತ್ತು. ನಾಲ್ಕನೆಯ ಕಾರಣ ಇನ್ನೂ ಊರಿನಲ್ಲಿತ್ತಲ್ಲ, ಅದರ ಪ್ರಭಾವವೋ ಏನೋ. ಅವತ್ತು ದೀಪ ಹಚ್ಚುವ ಹೊತ್ತಿಗೆ ಶಾಲೆಗೆ ಹೋದೆ. ಮೇಷ್ಟ್ರಿಲ್ಲದಿದ್ದರೂ ನಾವು ಹೆಂಗಸರು ಹೋಗಿ ಕೂತು, ಓದಿದ್ದನ್ನೇ ಓದಿ ಬರುತ್ತಿದ್ದೆವು. ಎಲ್ಲರೂ ನಿಂತು ಒಟ್ಟಿಗೆ ಹೇಳಿದೆವು: ‘ಕ್ರಾಂತಿಯ ಕಾರಣಗಳನ್ನು ವಿವರಿಸಿ.’ ಬೆಳಿಗ್ಗೆ ಎದ್ದು ಸೇತುವೆಗೆ ಹೋಗಿ ನೋಡಿದರೆ ಅಡ್ಡಗಂಬ ಇದ್ದಲ್ಲೇ ಇತ್ತು. ಮರುದಿನ ಇನ್ನೂ ಗಟ್ಟಿಯಾಗಿ ಹೇಳಿದೆವು. ಅಡ್ಡಗಂಬ ಅಲುಗಲಿಲ್ಲ. ಬಿಸಿಲಲ್ಲಿ ಬಿಟ್ಟ ಸಗಣಿಯ ಹಾಗೆ ಕಾರಣಗಳು ನಿಂತು ನಿಂತು ಗಟ್ಟಿಯಾಗಿಬಿಟ್ಟಿದ್ದವು, ಪ್ರಶ್ನೆಗೆಲ್ಲ ಜಗ್ಗುವಂತಿರಲಿಲ್ಲ.

ಉಳಿದದ್ದು ಆ ಎರಡು ಸಾಲು. ಎಲ್ಲರಿಗೂ ಅದು ತಿಳಿದದ್ದೇ, ಮನಸ್ಸಿನಲ್ಲಿ ಓದಿದರೆ ಏನೂ ಆಗುವುದಿಲ್ಲ. ಮೊದಲನೆಯ ಸಾಲು: ‘ಹೀಗಿರುವಾಗ ಒಂದು ದಿನ ಸುಂಕದ ಕಟ್ಟೆಯ ಕಾವಲುಗಾರನು ಹೆಂಗಸೊಬ್ಬಳ ಉಪ್ಪಿನ ಮಡಕೆಯನ್ನು ಒದ್ದನು.’ ಎರಡನೆಯ ಸಾಲು: ‘ಇದರಿಂದ ರೊಚ್ಚಿಗೆದ್ದ ಜನರು ಉಗ್ರಾಣಕ್ಕೆ ಬೆಂಕಿ ಹಚ್ಚಿದರು.’

ನಾನು ಪುಸ್ತಕವನ್ನು ಬೆಳಕಿಗೆ ಹಿಡಿದಾಗ ಹೂ ಕಟ್ಟುವ ಚೆನ್ನಾಜಮ್ಮ ನನ್ನ ಕೈ ಹಿಡಿದುಕೊಂಡಳು. ಅವಳು ನನ್ನ ಪಕ್ಕದಲ್ಲೇ ಕೂರುವವಳು, ಶಾಲೆಗೆ ಬಂದರೂ ಕೈಯಲ್ಲಿ ದಾರ ಬಿಟ್ಟವಳಲ್ಲ. ‘ಪುಟ್ನಿಂಗಕ್ಕ, ನಿನ್ನ ಮಾವಿನ್ಕಾಯಿಗೋಸ್ಕರ ಊರಿನ್ ಜನ ಸಾಯ್ಬೇಕಾ?’

‘ಯಾರು ಸಾಯ್ತಾರೆ ಅಂತ ಬರ್ದಿಲ್ಲ.’

‘ಅನೇಕರು ಅಂತ ಬರ್ದವ್ರೆ.’

ಅಲ್ಲೇ ನನಗೆ ಪುಸ್ತಕದ ಮೇಲೆ ಸಿಟ್ಟು ಬಂದದ್ದು. ಸುಂಕಕ್ಕೆ ಅಂಕಿ ಹಾಕಿ ಒಂದನೆಯದು ಎಂದಿದ್ದಾರೆ, ದರ್ಪಕ್ಕೆ ಎರಡನೆಯದು ಎಂದಿದ್ದಾರೆ, ಗುರುಪಾದಪ್ಪನ ಕೋಟಿಗೂ ಒಂದು ಅಂಕಿ ಸಿಕ್ಕಿದೆ. ಸಾಯುವವರಿಗೆ ಮಾತ್ರ ಅಂಕಿಯೂ ಇಲ್ಲ, ಹೆಸರೂ ಇಲ್ಲ. ಅನೇಕರು. ಅದರೊಳಗೆ ಚೆನ್ನಾಜಮ್ಮ ಇದ್ದಾಳೋ, ನನ್ನ ಸಣ್ಣತಾಯಿ ಇದ್ದಾಳೋ, ಕಟ್ಟೆಯ ಕಾವಲುಗಾರ ಕಾಳಮರಿ ಇದ್ದಾನೋ. ಬರೆದವರು ಸಾಲು ಬರೆದು ಊಟಕ್ಕೆ ಎದ್ದುಹೋಗಿರುತ್ತಾರೆ. ನಾವು ಕೂತು ಬೀದಿಯಲ್ಲಿ ಹೋಗುವವರನ್ನೆಲ್ಲ ಇವರೋ ಅವರೋ ಎಂದು ನೋಡಬೇಕು. ಮಿಡಿ ಕೊಳೆತರೂ ಆ ಸಾಲನ್ನು ಊರಿಗೆ ಬಿಡಲಾರೆ ಎನಿಸಿತು. ಮಿಡಿ ಕೊಳೆಯಲು ಬಿಡಲೂ ಆರೆ. ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡು ಎಷ್ಟೋ ಹೊತ್ತು ಕೂತೆ. ಕೂತಿದ್ದಾಗ ಕಣ್ಣಿಗೆ ಬಿದ್ದದ್ದು ಎರಡು ಸಾಲಿನ ನಡುವಿನ ಪೂರ್ಣವಿರಾಮ.

‘ಚೆನ್ನಾಜಿ, ಒಂದು ಸಾಲು ಓದಿ ನಿಲ್ಲಿಸ್ಬುಟ್ರೆ?’

‘ಅರ್ಧ ಓದುದ್ರೆ ಅರ್ಧ ಕ್ರಾಂತಿ ಆಯ್ತದಾ?’

‘ಬೆಂಕಿ ಹಚ್ಚೋದು ಎರಡ್ನೇ ಸಾಲಲ್ಲಿ ಐತೆ. ಉಗ್ರಾಣಕ್ಕೆ ಬೆಂಕಿ ಬಿದ್ರೆ ಉಪ್ಪು ಏನಾಯ್ತದೆ? ನಂಗೆ ಉಪ್ಪು ಬೇಕು, ಬೂದಿ ಅಲ್ಲ. ಮಡಕೆ ಒದೀಲಿ. ಆಮ್ಯಾಲೆ ಏನ್ಮಾಡ್ಬೇಕು ಅಂತ ಪುಸ್ತಕ ಹೇಳೋದು ಬ್ಯಾಡ.’

‘ಪುಸ್ತಕ ಹೇಳ್ದೆ ಇದ್ರೆ ನಮ್ಮೋರು ಏನೂ ಮಾಡಕಿಲ್ಲ ಅಕ್ಕ. ನಿಂಗೇ ಗೊತ್ತು.’

ನನಗೆ ಗೊತ್ತಿತ್ತು. ಆದರೂ ‘ನಾಳೆ ಸಂಜೆ ಓದ್ತೀನಿ’ ಎಂದೆ. ಮಾತು ನನಗಿಂತ ಮುಂಚೆ ಊರು ಸೇರಿತು. ನಾನು ಮನೆಗೆ ಬರುವಷ್ಟರಲ್ಲಿ ಕಾಳಮರಿ ಹಿತ್ತಿಲ ಬಾಗಿಲಲ್ಲಿ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಅವನ ತಾಯಿಯೂ ನಾನೂ ಒಂದೇ ಬಾವಿಯ ನೀರು ಸೇದಿದವರು, ಅವನು ಸಣ್ಣವನಿದ್ದಾಗ ನನ್ನ ಜಾಡಿಗೆ ಕೈ ಹಾಕಿ ಏಟು ತಿಂದವನು.

‘ಅವ್ವ, ನಾ ನಿನ್ನ ಮಡಕೆ ಒದೀಬೇಕಂತಲ್ಲ.’

‘ಹೂಂ ಕಣಪ್ಪ, ನಾಡಿದ್ದು ಬೆಳಗ್ಗೆ.’

‘ನಾ ರಜಾ ಹಾಕ್ತೀನಿ.’

‘ನೀ ರಜಾ ಹಾಕುದ್ರೆ ಬ್ಯಾರೆ ಯಾವನ್ನೋ ನಿಲ್ಲಿಸ್ತಾರೆ. ಅವನ ಕಾಲು ಎಂಥದೋ. ನಿಂದಾದ್ರೆ ನಾ ಕಂಡಿರೋ ಕಾಲು.’

‘ತಮಾಷೆ ಮಾಡ್ಬ್ಯಾಡ ಅವ್ವ. ಹತ್ತನೇ ಪಾಠದಲ್ಲಿ ಸಾಯೋರ ಪೈಕಿ ಮೊದಲ್ನೇವ್ನು ಕಾವಲುಗಾರನೇ ಇರ್ತಾನೆ. ನಾ ಅಷ್ಟು ದಡ್ಡ ಅಲ್ಲ.’

ಅವನು ಹೇಳಿದ್ದು ಸುಳ್ಳಲ್ಲ. ‘ಹತ್ತನೇ ಪಾಠ ತೆರೆಯಕಿಲ್ಲ ಕಾಳ. ಒಂಬತ್ತರದೂ ಒಂದು ಸಾಲು ಬಿಟ್ಟಿರ್ತೀನಿ. ನೀ ಮಡಕೆ ಒದಿ ಅಷ್ಟೇ. ಕೆಳಗೆ ಇಟ್ಟಿರ್ತೀನಿ, ನಂಗೆ ತಾಗ್ಸಬ್ಯಾಡ. ಮಂಡಿ ಮೊದಲೇ ನೋಯ್ತದೆ.’ ಅವನು ರುಮಾಲು ಸುತ್ತಿಕೊಂಡು ಹೋದ.

ಮರುದಿನ ಸಂಜೆ ಶಾಲೆಯಲ್ಲಿ ಎಲ್ಲರೂ ಕೂತಿದ್ದಾಗ ನಾನು ಎದ್ದು ನಿಂತು ಆ ಸಾಲು ಓದಿದೆ. ಕಲಿತ ಮೇಲೆ ಅಷ್ಟು ಸರಾಗವಾಗಿ ಓದಿದ್ದು ಅದೇ ಮೊದಲು. ‘ಒದ್ದನು’ ಎಂಬಲ್ಲಿಗೆ ಪುಸ್ತಕ ಮುಚ್ಚಿದೆ. ಚೆನ್ನಾಜಮ್ಮ ಅದನ್ನು ನನ್ನ ಕೈಯಿಂದ ಕಸಿದು, ಹೂವಿನ ದಾರದಿಂದ ಸುತ್ತಿ ಸುತ್ತಿ ಕಟ್ಟಿಬಿಟ್ಟಳು.

ಬೆಳಿಗ್ಗೆ ಮಿಡಿಯ ಗಾಡಿ ಸೇತುವೆಯ ಆಚೆ ಬಂದು ನಿಂತಿತ್ತು. ನಾನು ಒಂದು ಹಳೆಯ ಮಡಕೆಗೆ ಡಬ್ಬಿಯ ತಳದಲ್ಲಿ ಉಳಿದ ಹಿಡಿಯಷ್ಟು ಉಪ್ಪು ಸುರಿದುಕೊಂಡು ಹೋದೆ. ಊರೆಲ್ಲ ಅಲ್ಲಿತ್ತು. ಗುರುಪಾದಪ್ಪ ಕುರ್ಚಿಯನ್ನೂ ಹೊತ್ತು ತಂದಿದ್ದ. ಅಮಲ್ದಾರರು ಛತ್ರಿಯ ನೆರಳಲ್ಲಿ ನಿಂತು ಉಗುರು ನೋಡಿಕೊಳ್ಳುತ್ತಿದ್ದರು. ನಾನು ಮಡಕೆಯನ್ನು ಕಾಳಮರಿಯ ಮುಂದೆ ಇಟ್ಟು ಎರಡು ಹೆಜ್ಜೆ ಹಿಂದಕ್ಕೆ ಸರಿದೆ. ಅವನ ಕಾಲು ಎದ್ದಿತು. ಅವನು ಎತ್ತಿದ್ದಲ್ಲ, ಅದಾಗಿಯೇ ಎದ್ದದ್ದು. ಮುಖ ಒಂದು ಕಡೆ, ಕಾಲು ಒಂದು ಕಡೆ. ಮಡಕೆ ಉರುಳಿ ಒಡೆಯಿತು. ಉಪ್ಪು ಬಿಳಿಯಾಗಿ ದಾರಿಗೆ ಅಡ್ಡ ಚೆಲ್ಲಿತು.

ಆಮೇಲೆ ಏನೂ ಆಗಲಿಲ್ಲ.

ಜನ ಚೆಲ್ಲಿದ ಉಪ್ಪು ನೋಡಿದರು, ನನ್ನನ್ನು ನೋಡಿದರು, ಒಬ್ಬರನ್ನೊಬ್ಬರು ನೋಡಿಕೊಂಡರು. ಯಾರೋ ಕೆಮ್ಮಿದರು. ಗುರುಪಾದಪ್ಪ ಏಳಲು ಹೋಗಿ ಪುನಃ ಕೂತ. ‘ಅಜ್ಜಿ, ಮುಂದಿನ್ದು ಏನು?’ ಎಂದು ಹಿಂದಿನಿಂದ ಯಾರೋ ಕೇಳಿದರು, ಸಂತರ್ಪಣೆಯಲ್ಲಿ ಮುಂದಿನ ಪದಾರ್ಥ ಕೇಳುವ ಹಾಗೆ. ನನಗೆ ಅಳು ಬರುವಷ್ಟು ರೇಗಿತು. ಉಪ್ಪಿಲ್ಲದ ಸಾರು ಇಷ್ಟು ದಿನ ಉಂಡಿದ್ದಾರೆ, ಮನೆಮನೆಯಲ್ಲಿ ಗೊಣಗಿದ್ದಾರೆ, ಕಣ್ಣೆದುರಿಗೇ ಮುದುಕಿಯ ಮಡಕೆ ಒಡೆದಿದೆ, ರೇಗಿಕೊಳ್ಳಲು ಇನ್ನೂ ಒಂದು ಸಾಲು ಬೇಕಂತೆ. ‘ಮುಂದಿನ್ದು ನಾ ಓದಿಲ್ಲ’ ಎಂದೆ. ‘ಓದೋದೂ ಇಲ್ಲ. ನಿಮ್ಗೇನು ತೋಚ್ತದೋ ಮಾಡಿ. ಗಾಡಿ ಕಾಯ್ತಾ ಐತೆ.’

ಅವರಿಗೆ ಏನೂ ತೋಚಲಿಲ್ಲ. ನಾನು ಕಾದೆ. ಬಿಸಿಲು ಏರುತ್ತಿತ್ತು. ಗಾಡಿಯವನು ಗೋಣಿಯ ಮೇಲೆ ನೀರು ಚಿಮುಕಿಸುತ್ತಿದ್ದ. ದಾರಿಗೆ ಅಡ್ಡ ಉಪ್ಪು ಬಿದ್ದದ್ದರಿಂದ ಆ ಕಡೆಯವರು ಈ ಕಡೆಗೆ ಬರುವ ಹಾಗಿರಲಿಲ್ಲ. ನಮ್ಮಲ್ಲಿ ಎಂಥವನೂ ಉಪ್ಪು ತುಳಿಯುವುದಿಲ್ಲ. ಎಲ್ಲರೂ ಅದರ ಸುತ್ತ ಹಳ್ಳದ ದಡದಲ್ಲಿ ನಿಂತ ಹಾಗೆ ನಿಂತಿದ್ದರು.

ಆಗ ಕಾಳಮರಿ ದೊಣ್ಣೆ ಕೆಳಗಿಟ್ಟು ಕುಕ್ಕರುಗಾಲಲ್ಲಿ ಕೂತ. ಎರಡೂ ಕೈಯಿಂದ ಉಪ್ಪು ಬಾಚತೊಡಗಿದ. ಮಡಕೆಯ ಚೂರು ಆರಿಸಿ ಆಚೆ ಇಟ್ಟ, ಉಪ್ಪನ್ನು ರುಮಾಲಿಗೆ ತುಂಬಿಕೊಂಡು ಊದಿ ನೋಡಿದ. ‘ಮಣ್ಣಾಗ್ಬುಡ್ತು ಅವ್ವ’ ಎಂದ. ‘ಇದು ಮಿಡಿಗೆ ಆಗಕಿಲ್ಲ. ಬಾ, ಬ್ಯಾರೆ ಕೊಡ್ತೀನಿ.’ ಎದ್ದು ಸೊಂಟದ ಬೀಗದಕೈ ತೆಗೆದು ಉಗ್ರಾಣದ ಬಾಗಿಲು ತೆರೆದ.

‘ಏಯ್, ಇದು ಪಾಠದಲ್ಲಿಲ್ಲ’ ಎಂದರು ಅಮಲ್ದಾರರು.

‘ಹೌದು ಬುದ್ಧಿ, ಇಲ್ಲ’ ಎಂದ ಕಾಳಮರಿ. ಒಳಗೆ ಹೋಗಿ ಮೊರ ತಂದ.

ಸಣ್ಣತಾಯಿ ಮೊದಲು ಸೆರಗೊಡ್ಡಿದಳು. ಆಮೇಲೆ ಚೆನ್ನಾಜಮ್ಮ ಹೂವಿನ ಬುಟ್ಟಿ ಹಿಡಿದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬಂದರು, ಬಂದವರು ನೂಕಾಡತೊಡಗಿದರು, ಸಾಲಾಗಿ ನಿಲ್ಲಿ ಎಂದು ನಾನು ಗಂಟಲು ಹರಿದುಕೊಳ್ಳಬೇಕಾಯಿತು. ಗುರುಪಾದಪ್ಪ ಕೋಟಿನ ಜೇಬುಗಳಿಗೆ ಉಪ್ಪು ತುಂಬಿಸಿಕೊಂಡ. ಅಮಲ್ದಾರರು ಸ್ವಲ್ಪ ಹೊತ್ತು ಕೂಗಿದರು. ಅವರ ಕಡೆ ತಿರುಗಿ ನೋಡುವ ಪುರಸೊತ್ತು ಯಾರಿಗೂ ಇರಲಿಲ್ಲ. ನೋಡುವವರಿಲ್ಲದೆ ದರ್ಪ ಎಷ್ಟು ಹೊತ್ತು ಮಾಡಲಾಗುತ್ತದೆ, ಛತ್ರಿ ಮಡಿಸಿ ಮನೆಗೆ ಹೋದರು. ನಾವು ಮಧ್ಯಾಹ್ನವೇ ಮಿಡಿಗೆ ಉಪ್ಪು ಹಾಕಿದೆವು. ಉಗ್ರಾಣ ಬರಿದಾದ ಮೇಲೆ ಕಾಯಲು ಏನೂ ಇರಲಿಲ್ಲ, ಅಡ್ಡಗಂಬವನ್ನು ಯಾರೋ ಹಸು ಕಟ್ಟಲು ಒಯ್ದರು. ಒಬ್ಬರ ಕೂದಲೂ ಕೊಂಕಿರಲಿಲ್ಲ.

ಇದು ಮುಗಿದು ಜಾಡಿಗಳ ಬಾಯಿ ಬಿಚ್ಚುವ ಕಾಲಕ್ಕೆ ಪಠ್ಯಪುಸ್ತಕ ಬರೆಯುವವನೊಬ್ಬ ನಮ್ಮ ಮನೆಗೆ ಬಂದ. ಕನ್ನಡಕದ ಹುಡುಗ, ಮಾತು ಮೃದು. ಒಂಬತ್ತು ಮತ್ತು ಹತ್ತನೆಯ ಪಾಠ ಹಳೆಯದಾಯಿತು, ಇನ್ನು ಮುಂದೆ ನಿಮ್ಮೂರಿನ ಈ ಕ್ರಾಂತಿಯನ್ನೇ ಹಾಕುತ್ತೇವೆ, ಕಾರಣಗಳನ್ನು ಹೇಳಿ ಎಂದ. ಕೂರಿಸಿ ಅನ್ನ, ಉಪ್ಪಿನಕಾಯಿ ಬಡಿಸಿದೆ.

‘ನೋಡಪ್ಪ, ಮೊದ್ಲೇ ಹೇಳ್ಬುಡ್ತೀನಿ. ನೀ ಏನು ಬರೀತೀಯೋ ಅದು ವರ್ಷಾ ವರ್ಷ ನಮ್ಮೂರಿಗೆ ಬತ್ತದೆ.’

‘ಹೌದಂತೆ, ದಾರಿಯಲ್ಲಿ ಹೇಳಿದರು’ ಎಂದು ನಕ್ಕ. ‘ಇರಲಿ. ಮುಖ್ಯ ಕಾರಣ ಏನಜ್ಜಿ?’

‘ಮಿಡಿ ಬಂದಿತ್ತು.’

ಅವನು ‘ಆರ್ಥಿಕ ಕಾರಣಗಳು’ ಎಂದು ಬರೆದುಕೊಂಡ. ನಾನು ಬಗ್ಗಿ ಓದಿದೆ. ‘ಕಾಳಮರಿ ಬಾಗ್ಲು ತೆಗ್ದ’ ಎಂದರೆ ‘ಕಾವಲುಪಡೆಯ ಅಸಹಕಾರ’ ಎಂದು ಬರೆದ. ‘ಪಡೆ ಎಲ್ಲಪ್ಪ, ಅವನೊಬ್ನೇ, ಅದೂ ನೆಗಡಿ ಆಗಿತ್ತು’ ಎಂದೆ. ‘ಪಾಠಕ್ಕೆ ಹಾಗೆಲ್ಲ ಬರೆಯೋಕಾಗಲ್ಲ ಅಜ್ಜಿ, ಮಕ್ಕಳಿಗೆ ಅಂಶಗಳು ಬೇಕು’ ಎಂದ. ನಾನು ಬಿಟ್ಟೆ. ನೆಗಡಿಯಾದ ಪಡೆ ಬಂದರೆ ನೋಡಿಕೊಳ್ಳೋಣ. ಕೊನೆಗೆ ಅವನು ಹಾಳೆ ತಿರುವಿ ‘ಪರಿಣಾಮಗಳು’ ಎಂದು ಬರೆದು ಕೇಳಿದ, ‘ಎಷ್ಟು ಜನ ಸತ್ತರು?’

‘ಯಾರೂ ಇಲ್ಲ.’

‘ಒಬ್ಬರೂ ಇಲ್ಲವೇ?’

‘ಇಲ್ಲ. ಗುರುಪಾದಪ್ಪನ ಕೋಟಿನ ಹೊಲಿಗೆ ಬಿಟ್ಟೋಯ್ತು.’

ಅವನಿಗೆ ಬೇಸರವಾಯಿತು. ‘ಹಾಗಾದರೆ ಇದನ್ನು ಕ್ರಾಂತಿ ಅಂತ ಒಪ್ಪೋದಿಲ್ಲ ಅಜ್ಜಿ, ಮೇಲಿನವರು ಪಾಠವನ್ನೇ ತೆಗೆಸಿಬಿಡ್ತಾರೆ. ಸುಮ್ಮನೆ ಒಂದು ಸಾಲು ಹಾಕೋಣ. ಅನೇಕರು ಪ್ರಾಣ ಕಳೆದುಕೊಂಡರು ಅಂತ. ಯಾರಿಗೂ ತೊಂದರೆ ಇಲ್ಲ, ವಾಡಿಕೆ ಅಷ್ಟೇ.’

‘ಅನೇಕರು ಬ್ಯಾಡ. ಹೆಸ್ರು ಬರಿ.’

‘ಹೆಸರು ಎಲ್ಲಿಂದ ತರಲಿ? ಯಾರೂ ಸತ್ತಿಲ್ಲವಲ್ಲ.’

‘ವಾಡಿಕೆ ಅಂದ್ಯಲ್ಲ, ನಿನ್ನ ಹೆಸ್ರೇ ಮೊದ್ಲು ಬರ್ಕೋ. ಆಮ್ಯಾಲೆ ನಂದು ಬರಿ. ಆಮ್ಯಾಲೆ ನಿನ್ನ ಮೇಲಿನೋರ್ದು ಹೇಳು, ನಾನೇ ಕೂಡಿಸ್ಕೊಂಡು ಬರೀತೀನಿ.’

ಅವನು ಜೋರಾಗಿ ನಕ್ಕ. ಒಳ್ಳೇ ಅಜ್ಜಿ ಎಂದ. ಪೆನ್ನನ್ನು ಹಾಳೆಯ ಮೇಲೆ ಇಟ್ಟ. ಇಟ್ಟಿದ್ದು ಅಲ್ಲೇ ನಿಂತಿತು, ನಿಂತಲ್ಲಿ ಶಾಯಿ ಒಂದು ಚುಕ್ಕೆಯಾಗಿ ಹರಡಿತು. ಅವನ ನಗು ಮುಗಿದು ಸ್ವಲ್ಪ ಹೊತ್ತಾಗಿತ್ತು. ಸಣ್ಣತಾಯಿ ಒಳಗಿನಿಂದ ಬಂದು, ‘ಇನ್ನೊಂದು ಮಿಡಿ ಹಾಕ್ಲಾ ಅಣ್ಣ?’ ಎಂದು ಕೇಳಿದಳು. ಅವನು ತಲೆಯಾಡಿಸಿ, ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡು, ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ.